ಓದದೆ ಬಿಟ್ಟ ಚೀಟಿ



ಸಂಘದ ಪತ್ರಿಕೆಗೆ ನಾನು ಇದುವರೆಗೆ ಬರೆದದ್ದೆಲ್ಲ ಅಡುಗೆಯ ಬಗ್ಗೆ. ಝುಣಕ, ಎಣ್ಣೆಗಾಯಿ, ಕ್ರಿಸ್ಮಸ್ಸಿಗೆ ಮಾಡುವ ಕರಚಿಕಾಯಿ, ಇಷ್ಟೇ ನನ್ನ ಸಾಹಿತ್ಯ. ಈ ಸಲ ಸಂಪಾದಕರು ಫೋನ್ ಮಾಡಿ, "ನಮ್ಮ ಮಕ್ಕಳಿಗೆ ಏನಾದರೂ ಬರೆಯಿರಿ. ಅಡುಗೆ ಬೇಡ, ಮನಸ್ಸಿನ ವಿಷಯ ಬರೆಯಿರಿ" ಎಂದರು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮೇಲೆ ಮನಸ್ಸಿನ ವಿಷಯ ಬರೆಯುವುದೆಂದರೆ ಸುಲಭವಲ್ಲ. ಆದರೂ ಎಂಟು ವರ್ಷಗಳಿಂದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ನಿಮ್ಮೆದುರು ಹೇಳಿಬಿಡುತ್ತೇನೆ.

ಹೋದ ರಾಜ್ಯೋತ್ಸವದ ದಿನ ನಿಮ್ಮಲ್ಲೇ ಒಬ್ಬಳನ್ನು ವೇದಿಕೆಯ ಮೇಲೆ ಎರಡು ಮಾತಾಡು ಎಂದು ಕರೆದೆ. ಅವಳು ನಾಚಿಕೊಂಡು, "ಕನ್ನಡ ಎಲ್ಲಾ ಅರ್ಥ ಆಗತ್ತೆ ಆಂಟಿ, ಮಾತಾಡೋಕೆ ಮಾತ್ರ ಬರಲ್ಲ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವಾಗ ಆಟೋದಲ್ಲಿ ಮಾತ್ರ ನಗು ಬರಲಿಲ್ಲ. ನನ್ನ ದೇವರ ವಿಷಯದಲ್ಲಿ ನಾನು ಬಹಳ ವರ್ಷ ಹೀಗೆಯೇ ಇದ್ದೆ. ಎಲ್ಲವೂ ಅರ್ಥವಾಗುತ್ತಿತ್ತು. ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ಮಾತು ಬರಲಿಲ್ಲ.

ನಮ್ಮ ಸಂಘದಲ್ಲಿ ಹಿಂದೂ ಮನೆಗಳೇ ಹೆಚ್ಚು, ಕೆಲವು ಜೈನ ಮನೆಗಳಿವೆ. ನಾನು ಕ್ರೈಸ್ತಳು. ಇಲ್ಲಿ ಪ್ರಸಂಗ ಮಾಡಲು ಕೂತಿಲ್ಲ, ಹೆದರಬೇಡಿ. ನಾನು ಹೇಳಹೊರಟಿರುವ ಕಾಯಿಲೆ ಯಾವ ಮನೆಗೂ ಹೊಕ್ಕೀತು. ನಾನು ನನ್ನ ಮನೆಯಲ್ಲಿ ಕಂಡೆ, ಆದ್ದರಿಂದ ನನ್ನ ಮನೆಯದನ್ನೇ ಬರೆಯುತ್ತೇನೆ. ಈ ಕಾಯಿಲೆಗೆ ಜ್ವರ ಬರುವುದಿಲ್ಲ, ನೋವೂ ಇಲ್ಲ. "ನಾನು ಚೆನ್ನಾಗಿದ್ದೇನೆ, ದೇವರಿಗೂ ನನಗೂ ಎಲ್ಲ ಸರಿಯಿದೆ" ಎನ್ನಿಸುವುದೇ ಇದರ ಲಕ್ಷಣ.

ನನ್ನ ತವರು ಧಾರವಾಡ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ ಕಾಲಿಟ್ಟರು. ನಮ್ಮ ಮುತ್ತಜ್ಜ ಬೆಟಗೇರಿಯ ನೇಕಾರ. ಆತ ಕ್ರೈಸ್ತನಾದಾಗ ಓಣಿಯವರು ಬಾವಿಯ ನೀರು ಬಂದ್ ಮಾಡಿದರಂತೆ. ಮುತ್ತಜ್ಜಿ ಎರಡು ವರ್ಷ ಕೆರೆಯಿಂದ ನೀರು ಹೊತ್ತಳು. ಇದನ್ನು ನಮ್ಮ ಅಜ್ಜಿ ಹೇಳುವಾಗ ದೂರುವ ದನಿಯಲ್ಲಿ ಹೇಳುತ್ತಿರಲಿಲ್ಲ. ಓಣಿಯವರ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಮುಂದೆ ಅದೇ ಓಣಿಯವರ ಮದುವೆಗಳಿಗೆ ನಮ್ಮವರು ಹೋಗಿ ಉಂಡು ಬಂದಿದ್ದಾರೆ. "ಅವ್ವ ಹೊತ್ತ ನೀರು ಭಾಳ ರುಚಿ ಇತ್ತವ್ವಾ" ಎಂದಷ್ಟೇ ಅನ್ನುತ್ತಿದ್ದಳು. ಆಮೇಲೆ ಅಜ್ಜನಿಗೆ ಮಿಶನ್ ಶಾಲೆ ಸಿಕ್ಕಿತು, ಅಪ್ಪನಿಗೆ ಮಾಸ್ತರಿಕೆ ಸಿಕ್ಕಿತು. ನನಗೆ ಸಿಕ್ಕಿದ್ದು ಬಿಳಿ ಫ್ರಾಕು, ಸ್ಥಿರೀಕರಣದ ದಿನ ಕಾಣಿಕೆಯಾಗಿ ಬಂದ ಹೊಸ ಸತ್ಯವೇದ, ಅದರ ಮೇಲೆ ಬಂಗಾರದ ಅಕ್ಷರ. ನಾನು ಕೊಟ್ಟ ಬೆಲೆ ಏನೂ ಇಲ್ಲ.

ಅಪ್ಪ ಕನ್ನಡ ಕಲಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಕಿಟೆಲ್ ನಿಘಂಟನ್ನು ತೋರಿಸಿದ್ದರು. ನನ್ನಿಂದ ಎತ್ತಲಾಗಲಿಲ್ಲ, ಅಷ್ಟು ಭಾರ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದಗಳು. ನಡುವೆ ಊರಿಗೆ ಹೋದವರು ಮತ್ತೆ ತಿರುಗಿ ಬಂದು ಕೆಲಸ ಹಿಡಿದರು. ಹಳಗನ್ನಡ ಕಾವ್ಯದಿಂದ ಹಿಡಿದು ಜನರ ಆಡುಮಾತಿನವರೆಗೆ ಒಂದೊಂದು ಪದವನ್ನೂ ಆರಿಸಿ ಇಟ್ಟರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಬೇಕೆಂದು 1862ರಲ್ಲಿ 'ಕಥಾಮಾಲೆ' ಬರೆದವರೂ ಅವರೇ. ಅಪ್ಪ ಹೇಳಿದರು: "ನೋಡವ್ವಾ, ನಮ್ಮ ಮಾತಿಗಾಗಿ ಈ ಮನುಷ್ಯ ನಾಲ್ವತ್ತು ವರ್ಷ ಕೊಟ್ಟ. ನಿನಗ ಹುಟ್ಟಿದ ಕೂಡಲೆ ಪುಕ್ಕಟೆ ಬಂತು." ಅವತ್ತು ಅದು ಭಾಷೆಯ ಮಾತೆಂದುಕೊಂಡೆ.

ಮದುವೆಯಾಗಿ ಮದ್ರಾಸಿಗೆ ಬಂದದ್ದು 1993ರಲ್ಲಿ. ಊರು ಆಗಿನ್ನೂ ಚೆನ್ನೈ ಆಗಿರಲಿಲ್ಲ, ಆ ಹೆಸರು ಬಂದದ್ದು 1996ರಲ್ಲಿ. ಯಜಮಾನರು ಎಗ್ಮೋರಿನಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಬಂದ ವಾರವೇ ಸ್ಟೇಷನ್ ಹತ್ತಿರದ ಸೇಂಟ್ ಆಂಡ್ರೂಸ್ ಕರ್ಕ್ ತೋರಿಸಲು ಕರೆದುಕೊಂಡು ಹೋದರು. ನಮ್ಮ ಸಭೆ ಅದಲ್ಲ, ಆದರೆ ಎಗ್ಮೋರಿಗೆ ಬಂದ ಕ್ರೈಸ್ತರು ಅದನ್ನು ನೋಡದೆ ಇರುವುದಿಲ್ಲ. 1821ರಲ್ಲಿ ತೆರೆದ ದೇವಾಲಯ. ಒಳಗೆ ದುಂಡಾದ ಮಂಟಪ, ಸುತ್ತ ಕಂಬಗಳು, ಮೇಲೆ ನೀಲಿ ಗುಮ್ಮಟ, ಹೊರಗೆ ಆಕಾಶಕ್ಕೆ ಚುಚ್ಚಿದಂತಿರುವ ಗೋಪುರ. ಕತ್ತು ನೋಯುವವರೆಗೆ ನೋಡಿದೆ. ಬಹಳ ವರ್ಷಗಳ ಮೇಲೆ ತಿಳಿಯಿತು, ಆ ಜಾಗ ಜೌಗು ನೆಲವಂತೆ. ಕಟ್ಟಿಸಿದ ಮೇಜರ್ ಡಿ ಹ್ಯಾವಿಲೆಂಡ್ ಮೊದಲು ಈ ಸೀಮೆಯ ಪದ್ಧತಿಯಂತೆ ನೆಲದೊಳಗೆ ಸಾಲುಸಾಲಾಗಿ ಬಾವಿಗಳನ್ನು ಇಳಿಸಿ, ಅವುಗಳ ಮೇಲೆ ಇಡೀ ಕಟ್ಟಡವನ್ನು ನಿಲ್ಲಿಸಿದ. (ನಿಮಗೆ ಗೊತ್ತಿರಲಿ, ನಮ್ಮ ಶ್ರೀರಂಗಪಟ್ಟಣದಲ್ಲಿ ಇಟ್ಟಿಗೆಯ ದೊಡ್ಡ ಕಮಾನು ಕಟ್ಟಿ ತೋರಿಸಿದ್ದವನೂ ಇವನೇ. ಆ ಕಮಾನು ನೂರು ವರ್ಷಕ್ಕೂ ಹೆಚ್ಚು ನಿಂತು 1930ರ ದಶಕದಲ್ಲಿ ಬಿತ್ತು.) ಇನ್ನೂರು ವರ್ಷದಿಂದ ಜನ ಗುಮ್ಮಟ ನೋಡಲು ಬರುತ್ತಾರೆ. ಬಾವಿಗಳನ್ನು ನೋಡಿದವರು ಯಾರೂ ಇಲ್ಲ.

ನಮ್ಮ ಸಭೆಗೆ ಬರುತ್ತೇನೆ. ಹೆಸರು ಬೇಡ, ತಪ್ಪು ನನ್ನದು, ಸಭೆಯದಲ್ಲ. ಇಪ್ಪತ್ತು ವರ್ಷ ನಾನು ಅಲ್ಲಿ ಮಾಡದ ಕೆಲಸವಿಲ್ಲ. ಸಂಡೇ ಸ್ಕೂಲ್ ಕಲಿಸಿದೆ, ಸ್ತ್ರೀಯರ ಕೂಟದ ಕಾರ್ಯದರ್ಶಿಯಾದೆ, ಕ್ರಿಸ್ಮಸ್ ಕೇಕಿನ ಹಣ್ಣು ನೆನೆಸುವುದರಿಂದ ಹಿಡಿದು ಈಸ್ಟರ್ ಹೂವಿನ ಲೆಕ್ಕದವರೆಗೆ ಎಲ್ಲ ನನ್ನ ಕೈಯಲ್ಲಿ. ಬೆಳಿಗ್ಗೆ ಸತ್ಯವೇದ ಓದುವುದನ್ನೂ ಬಿಟ್ಟವಳಲ್ಲ. ಓದುತ್ತಿದ್ದದ್ದು ಅಡುಗೆಮನೆಯಲ್ಲಿ, ಬೇಳೆಗೆ ಕುಕ್ಕರ್ ಇಟ್ಟು. ಮೂರನೆಯ ಸೀಟಿಗೆ ಅಧ್ಯಾಯ ಮುಗಿಯಬೇಕು. ಅಭ್ಯಾಸವಾದ ಮೇಲೆ ಎರಡನೆಯ ಸೀಟಿಗೇ ಮುಗಿಯುತ್ತಿತ್ತು. ಮೂರನೆಯದಕ್ಕೆ ಪ್ರಾರ್ಥನೆ. ಒಮ್ಮೆ ಅಜ್ಜಿ ಊರಿಂದ ಬಂದಾಗ ನನ್ನ ಪಕ್ಕ ಕೂತು ನೋಡಿ, "ಯಾಕವ್ವಾ, ದೇವರಿಗೆ ಲೆಕ್ಕ ಒಪ್ಪಿಸಾಕತ್ತಿಯೇನ?" ಎಂದಳು. ಮುದುಕಿಗೆ ಪಟ್ಟಣದ ಗಡಿಬಿಡಿ ಏನು ತಿಳಿಯಬೇಕು ಎಂದುಕೊಂಡು ಸುಮ್ಮನಾದೆ.

2015ರ ಡಿಸೆಂಬರಿನ ಪ್ರವಾಹ ನಿಮಗೂ ನೆನಪಿರಬೇಕು. ಅರ್ಧ ಊರು ನೀರಿನಲ್ಲಿತ್ತು. ನಮ್ಮ ಸಭೆಯ ಹಾಲಿನಲ್ಲಿ ಮೂರು ದಿನ ನಾವು ಹತ್ತಾರು ಹೆಂಗಸರು ಅನ್ನ, ಸಾಂಬಾರು ಬೇಯಿಸಿ ಪೊಟ್ಟಣ ಕಟ್ಟಿದೆವು. ಕೈಯಲ್ಲಿ ಬೊಬ್ಬೆ ಎದ್ದಿತ್ತು. ಅದು ನಿಜವಾದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆಮೇಲೆ ಏನಾಯಿತೆಂದರೆ, ಆ ಮೂರು ದಿನವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟವಳಂತೆ ಎರಡು ವರ್ಷ ಅದರ ಬಡ್ಡಿ ತಿಂದೆ. ಯಾರು ಸಹಾಯ ಕೇಳಿದರೂ ಮನಸ್ಸು "ನಾನು ಮಾಡಬೇಕಾದ್ದನ್ನು ಮಾಡಿದ್ದೇನೆ" ಎನ್ನುತ್ತಿತ್ತು. ಕೆಟ್ಟದ್ದು ಮಾಡಿದವರು ಮಾತ್ರ ನಿದ್ದೆಹೋಗುತ್ತಾರೆ ಎಂದುಕೊಳ್ಳಬೇಡಿ. ಒಳ್ಳೆಯದು ಮಾಡಿದವರ ನಿದ್ದೆ ಇನ್ನೂ ಗಾಢ.

2017ರ ಒಂದು ಭಾನುವಾರ. ನಮ್ಮ ಸಭೆಯ ಹಾರ್ವೆಸ್ಟ್ ಹಬ್ಬ, ಊರ ಕಡೆ ನಾವು ಬೆಳೆಹಬ್ಬ ಎನ್ನುತ್ತೇವೆ. ಮಳಿಗೆಗೆಂದು ಅರವತ್ತು ಹೋಳಿಗೆ ಮಾಡಿ ಎರಡು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೊರಟಿದ್ದೆ. ಹಾಲ್ಸ್ ರಸ್ತೆಯಲ್ಲಿ ಮಕ್ಕಳ ಆಸ್ಪತ್ರೆ ಇದೆಯಲ್ಲ, ಅದರ ಎದುರಿನ ಫುಟ್‌ಪಾತಿನಲ್ಲಿ ಹೋಗುವಾಗ ಕಿವಿಗೆ ಕನ್ನಡ ಬಿತ್ತು. ಈ ಊರಿನಲ್ಲಿ ಬೀದಿಯಲ್ಲಿ ಕನ್ನಡ ಕೇಳಿದರೆ ನಿಲ್ಲದೆ ಇರಲು ನನಗಾಗುವುದಿಲ್ಲ. ಗಂಡ ಹೆಂಡತಿ, ಇಬ್ಬರಿಗೂ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರು, ತುಂಬಾ ಕಾಗದ.

"ಯಾವೂರಮ್ಮ?" ಎಂದೆ.

ಅವಳ ಮುಖ ಅರಳಿತು. "ಹೊಸೂರು ತಾವ ಅಕ್ಕಾ, ತಳಿ ಕಡೆ."

ಕೃಷ್ಣಗಿರಿ ಜಿಲ್ಲೆಯ ಆ ಭಾಗದಲ್ಲಿ ಮನೆಮಾತು ಕನ್ನಡವಿರುವವರು ಬಹಳ ಜನ. ನಿಮ್ಮಲ್ಲಿ ಅನೇಕರು ಕನ್ನಡವೆಂದರೆ ಬೆಂಗಳೂರು ಎಂದುಕೊಂಡಿದ್ದೀರಿ. ಅವಳ ಐದು ವರ್ಷದ ಮಗ ಒಳಗೆ ಮಲಗಿದ್ದ, ಅವಳ ಅತ್ತೆ ಹತ್ತಿರ ಇದ್ದರು. ಡಾಕ್ಟರು ಎಲ್ಲ ಹೇಳಿದ್ದರಂತೆ, ಹೆದರಿಕೆಯಲ್ಲಿ ಇವರ ತಲೆಗೆ ಹೋಗಿರಲಿಲ್ಲ. ಕವರಿನಿಂದ ಒಂದು ಚೀಟಿ ತೆಗೆದು ಚಾಚಿದಳು. "ಇಂಗ್ಲೀಸ್ನಾಗೆ ಐತೆ ಅಕ್ಕಾ. ಏನ್ ಬರ್ದವ್ರೆ ಒಸಿ ಓದಿ ಯೋಳ್ತೀರಾ?"

ನಾನು ಗಡಿಯಾರ ನೋಡಿದೆ. ಎಂಟೂಕಾಲು. ಎಂಟೂವರೆಗೆ ಆರಾಧನೆ, ಅದಕ್ಕೆ ಮೊದಲು ಮಳಿಗೆಯ ಮೇಜಿಗೆ ಬಟ್ಟೆ ಹಾಸಬೇಕು. ಎರಡೂ ಕೈಯಲ್ಲಿ ಡಬ್ಬಿ. ಡಬ್ಬಿಯನ್ನು ನೆಲದ ಮೇಲೆ ಇಡಬಹುದಿತ್ತು. ಇಡಲಿಲ್ಲ. ಹೋಳಿಗೆಗೆ ಧೂಳು ತಾಗೀತು ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. "ಇಲ್ಲೇ ಇರಮ್ಮ, ಚರ್ಚಿಗೆ ಹೋಗಿ ಬಂದು ಓದಿ ಹೇಳ್ತೀನಿ. ನಿನ್ನ ಮಗನಿಗೆ ಪ್ರಾರ್ಥನೆ ಮಾಡ್ತೀನಿ" ಎಂದೆ. ಪರ್ಸಿನಿಂದ ನೂರು ರೂಪಾಯಿ ತೆಗೆದುಕೊಡಲು ಮಾತ್ರ ಒಂದು ಡಬ್ಬಿಯನ್ನು ಕಂಕುಳಿಗೆ ಏರಿಸಿಕೊಂಡೆ. ಅವಳು ದುಡ್ಡು ತೆಗೆದುಕೊಳ್ಳಲು ಹಿಂಜರಿದಳು. ಅವಳು ಕೇಳಿದ್ದು ದುಡ್ಡಲ್ಲ.

ಆರಾಧನೆ ಚೆನ್ನಾಗಿಯೇ ಆಯಿತು. ರೋಗಿಗಳಿಗಾಗಿ ಪ್ರಾರ್ಥಿಸುವಾಗ ನಾನು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದೆ. ಆಮೇಲೆ ಹರಾಜು. ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ. ನನ್ನ ಹೋಳಿಗೆ ಅರ್ಧ ಗಂಟೆಯಲ್ಲಿ ಖಾಲಿ. ಊಟ, ಫೋಟೋ, ಲೆಕ್ಕ. ಖಾಲಿ ಡಬ್ಬಿ ತೊಳೆಯುವಾಗ ನೆನಪಾಯಿತು. ಆಗ ಎರಡು ಗಂಟೆ. ಓಡಿದೆ. ಫುಟ್‌ಪಾತಿನಲ್ಲಿ ಬೇರೆ ಯಾರೋ ಇದ್ದರು. ಗೇಟಿನ ಹತ್ತಿರ, ಟೀ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ಹುಡುಕಿದೆ. ಹೆಸರು ಕೇಳಿರಲಿಲ್ಲ, ಅವಳದೂ ಇಲ್ಲ, ಮಗುವಿನದೂ ಇಲ್ಲ. ಯಾರ ಹೆಸರು ಹೇಳಿ ಒಳಗೆ ವಿಚಾರಿಸಲಿ? ಮರುದಿನವೂ ಹೋದೆ. ಆ ವಾರವೆಲ್ಲ ಹೋದೆ.

ಆ ಚೀಟಿಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಏನೂ ಇರಲಿಲ್ಲವೇನೋ, ನಾಳೆ ಇಷ್ಟು ಹೊತ್ತಿಗೆ ರಕ್ತ ಪರೀಕ್ಷೆಗೆ ಬನ್ನಿ ಎಂದಷ್ಟೇ ಇದ್ದಿರಬಹುದು. ಅಥವಾ ಇನ್ನೇನೋ ಇದ್ದಿರಬಹುದು. ಯಜಮಾನರಿಗೆ ಹೇಳಿದಾಗ, "ನೀನೇನು ತಪ್ಪು ಮಾಡಿದೆ? ದುಡ್ಡು ಕೊಟ್ಟೆ, ಪ್ರಾರ್ಥನೆ ಮಾಡಿದೆ, ತಿರುಗಿ ಹುಡುಕಿಕೊಂಡೂ ಹೋದೆ" ಎಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳಿದ್ದು. ಆದರೆ ಇಪ್ಪತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಸಮಾಧಾನವೂ ಅದೇ ಆಗಿತ್ತು.

ಆ ದಿನಗಳಲ್ಲಿ ನಾನು ಪ್ರಕಟನೆಯ ಪುಸ್ತಕದಲ್ಲಿರುವ ಲವೊದಿಕೀಯದ ಸಭೆಗೆ ಬರೆದ ಪತ್ರವನ್ನು ಮತ್ತೆ ತೆರೆದೆ, ಕುಕ್ಕರ್ ಇಡದೆ. ನಿಮ್ಮಲ್ಲಿ ಕ್ರೈಸ್ತರಲ್ಲದವರಿಗಾಗಿ ಹೇಳುತ್ತೇನೆ. ಲವೊದಿಕೀಯ ಈಗಿನ ಟರ್ಕಿ ದೇಶದಲ್ಲಿದ್ದ ಶ್ರೀಮಂತ ಪಟ್ಟಣ. ಹಣದ ವಹಿವಾಟು, ಕಪ್ಪು ಉಣ್ಣೆಯ ವ್ಯಾಪಾರ, ವೈದ್ಯ ವಿದ್ಯೆಗೂ ಹೆಸರು. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಊರು ಬಿದ್ದಾಗ ರೋಮಿನ ಸಹಾಯವಿಲ್ಲದೆ ತಮ್ಮ ದುಡ್ಡಿನಲ್ಲೇ ಕಟ್ಟಿಕೊಂಡರು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂಥ ಊರಿನ ಸಭೆಗೆ ಪತ್ರ ಹೇಳುವುದು: ನೀನು ತಣ್ಣಗೂ ಇಲ್ಲ, ಬಿಸಿಯಾಗಿಯೂ ಇಲ್ಲ, ಉಗುರುಬೆಚ್ಚಗಿದ್ದೀ, ನನಗೇನೂ ಕೊರತೆಯಿಲ್ಲ ಎಂದುಕೊಂಡಿದ್ದೀ, ನಿನ್ನ ಕುರುಡು ನಿನಗೆ ಗೊತ್ತಿಲ್ಲ. ಹತ್ತಿರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ ಇತ್ತು, ಕೊಲೊಸ್ಸೆಯಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ನೀರು ದೂರದಿಂದ ಕಲ್ಲಿನ ಕೊಳವೆಯಲ್ಲಿ ಬರಬೇಕಿತ್ತು. ಬಿಸಿನೀರು ಮೈನೋವಿಗೆ ಆಗುತ್ತದೆ, ತಣ್ಣೀರು ದಣಿದವರಿಗೆ ಆಗುತ್ತದೆ, ನಡುವಿನದು ಯಾರಿಗೂ ಆಗುವುದಿಲ್ಲ ಎಂದು ಕೆಲವು ಪಂಡಿತರು ಇದನ್ನು ಬಿಡಿಸಿ ಹೇಳುತ್ತಾರೆ. ಚಿಕ್ಕಂದಿನಿಂದ ನಾನು ಇದನ್ನು ಭಕ್ತಿಯ ಕಾವು ಕಡಿಮೆಯಾದವರಿಗೆ ಹೇಳಿದ್ದು, ಅಂದರೆ ಚರ್ಚಿಗೆ ಸರಿಯಾಗಿ ಬಾರದವರಿಗೆ ಹೇಳಿದ್ದು ಎಂದು ತಿಳಿದಿದ್ದೆ. ಸಂಡೇ ಸ್ಕೂಲಿನಲ್ಲಿ ಹಾಗೆಯೇ ಕಲಿಸಿಯೂ ಇದ್ದೆ. ಪತ್ರ ಬಂದಿರುವುದು ತಪ್ಪದೆ ಬರುವವರಿಗೆ.

ನಮ್ಮ ಧಾರವಾಡದ ಕಡೆ ವಚನ ಕೇಳದೆ ಬೆಳೆದವರಿಲ್ಲ. ಹೊರಗಿನ ಪೂಜೆ ಒಂದು ದಾರಿ, ಒಳಗಿನ ಮನಸ್ಸು ಇನ್ನೊಂದು ದಾರಿ ಹಿಡಿಯುವುದನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಚುಚ್ಚಿ ಚುಚ್ಚಿ ಹೇಳಿದ್ದರು. ಆದ್ದರಿಂದ ನಿಮ್ಮ ಮನೆಯಲ್ಲಿ ದೀಪ ಹಚ್ಚುವವರಿಗೂ ನನ್ನ ಮಾತು ಹೊಸದೇನಲ್ಲ.

ಆಮೇಲೆ ಎರಡು ಕೆಲಸ ಮಾಡಿದೆ. ಒಂದು, ಇಂಗ್ಲಿಷ್ ಬೈಬಲ್ ಬದಿಗಿಟ್ಟು ಅಜ್ಜಿಯ ಕನ್ನಡ ಸತ್ಯವೇದ ತೆಗೆದೆ. ಇಂಗ್ಲಿಷ್ ನನಗೆ ಸಲೀಸು, ಕಣ್ಣು ಜಾರಿಕೊಂಡು ಹೋಗಿಬಿಡುತ್ತದೆ. ಕನ್ನಡದಲ್ಲಿ ಎಡವುತ್ತೇನೆ, ಎಡವಿದಲ್ಲಿ ನಿಲ್ಲುತ್ತೇನೆ. ಈಗ ದಿನಕ್ಕೆ ಅಧ್ಯಾಯ ಮುಗಿಯುವುದಿಲ್ಲ, ನಾಲ್ಕು ವಾಕ್ಯವಾದರೆ ಹೆಚ್ಚು. ಇನ್ನೊಂದು, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಆ ಆಸ್ಪತ್ರೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರತೊಡಗಿದೆ. ಕೈಯಲ್ಲಿ ಪೆನ್ನು, ಕನ್ನಡಕ. ಯಾರಿಗಾದರೂ ಚೀಟಿ ಓದಬೇಕಿದ್ದರೆ ಓದುತ್ತೇನೆ, ಫಾರಂ ತುಂಬಬೇಕಿದ್ದರೆ ತುಂಬುತ್ತೇನೆ, ಹೊತ್ತು ಮತ್ತು ಕೋಣೆಯ ನಂಬರನ್ನು ಕನ್ನಡದಲ್ಲೋ ನನಗೆ ಬರುವ ತಮಿಳಿನಲ್ಲೋ ಬರೆದುಕೊಡುತ್ತೇನೆ. ಔಷಧದ ವಿಷಯ ಮಾತಾಡುವುದಿಲ್ಲ. ಡಾಕ್ಟರನ್ನೇ ಇನ್ನೊಮ್ಮೆ ಕೇಳಿ ಎಂದು ಒಳಗೆ ಕಳಿಸುತ್ತೇನೆ. ಮೊದಲ ತಿಂಗಳು ಟೀ ಅಂಗಡಿಯವರು ನನ್ನನ್ನು ಏಜೆಂಟ್ ಎಂದುಕೊಂಡಿದ್ದರು!

ಇಷ್ಟರಿಂದ ನಾನು ಎಚ್ಚತ್ತುಬಿಟ್ಟೆ ಎಂದು ತಿಳಿಯಬೇಡಿ. ಮರುವರ್ಷ ಸ್ತ್ರೀಯರ ಕೂಟದ ವರದಿಯಲ್ಲಿ ನನ್ನ ಬೆಂಚನ್ನು "ಸೇವೆ" ಎಂದು ಹೊಗಳಿ ಬರೆದರು. ಓದುವಾಗ ನನ್ನ ಬೆನ್ನು ನೆಟ್ಟಗಾದದ್ದು ನನಗೇ ಗೊತ್ತಾಯಿತು. ಆ ಶುಕ್ರವಾರ ಮಳೆಯ ನೆಪ ಹೇಳಿ ಹೋಗಲಿಲ್ಲ. ಮಳೆ ಜೋರಾಗೇನೂ ಇರಲಿಲ್ಲ. 2020ರಲ್ಲಿ ಕೊರೊನಾ ಬಂದು ಚರ್ಚುಗಳೆಲ್ಲ ಮುಚ್ಚಿದಾಗ, ಯೂಟ್ಯೂಬಿನಲ್ಲಿ ಆರಾಧನೆ ನೋಡುತ್ತಿದ್ದೆವು. ಮೊದಲ ಭಾನುವಾರ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂತೆ. ಮೂರನೆಯ ಭಾನುವಾರ ಕೈಯಲ್ಲಿ ಕಾಫಿ. ಆರನೆಯ ಭಾನುವಾರ ಮಗ ಹೇಳಿಕೊಟ್ಟಂತೆ ಪ್ರಸಂಗವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದೆ. ಸಭಾಪಾಲಕರ ದನಿ ಗುಬ್ಬಿಯ ಹಾಗೆ ಕೇಳಿಸಿತು. ನಗು ಬಂತು, ಕೂಡಲೇ ಆ ಎರಡನೆಯ ಸೀಟಿ ನೆನಪಾಯಿತು.

ನಿಮಗೆ ಚರ್ಚು ಬಿಡಿ, ಗುಡಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ತಪ್ಪದೆ ಹೋಗಿ. ಬಾವಿಯ ನೀರು ಬಂದ್ ಆದವರ ಮೊಮ್ಮಕ್ಕಳಾಗಿರಲಿ, ಕೆಲಸ ಹುಡುಕಿಕೊಂಡು ಒಂದು ಟ್ರಂಕಿನೊಡನೆ ಈ ಊರಿಗೆ ಬಂದಿಳಿದವರ ಮಕ್ಕಳಾಗಿರಲಿ, ನಿಮಗೆ ಸಿಕ್ಕಿದ್ದು ಅವರು ಬೆಲೆ ಕೊಟ್ಟು ತಂದದ್ದು. ದಾರಿಯಲ್ಲಿ ಯಾರಾದರೂ ಚೀಟಿ ಚಾಚಿದರೆ ಡಬ್ಬಿಯನ್ನು ನೆಲದ ಮೇಲಿಡಿ. ಇಷ್ಟೇ ನನ್ನ ಕೋರಿಕೆ.

ಹೋದ ತಿಂಗಳು ವೇದಿಕೆಯ ಆ ಹುಡುಗಿ, ನಾಚಿಕೊಂಡವಳು, ಕಾಲೇಜಿಗೆ ರಜೆಯೆಂದು ನನ್ನ ಜೊತೆ ಬೆಂಚಿನ ಮೇಲೆ ಕೂರಲು ಬಂದಳು. ಡೆಂಕಣಿಕೋಟೆಯ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಚೀಟಿ ಹಿಡಿದು ಬಂದರು. ನಾನು ಬೇಕೆಂದೇ ಕನ್ನಡಕ ಹುಡುಕುತ್ತಾ ಕೂತೆ. ಹುಡುಗಿ ಚೀಟಿ ತೆಗೆದುಕೊಂಡು ಎರಡು ಸಲ ಓದಿಕೊಂಡಳು, ಬೆವತಳು, ಆಮೇಲೆ ಒಂದೊಂದೇ ಪದ ಜೋಡಿಸಿ ಹೇಳಿದಳು: "ಅಜ್ಜೀ... ನಾಳೆ... ಏಳು ಗಂಟೆಗೆ... ಹೊಟ್ಟೆ ಖಾಲಿ ಇಟ್ಟು ಬರಬೇಕು. ಪಾಪುಗೆ ಹಾಲು ಕೂಡ ಕೊಡಬೇಡಿ." ಅಜ್ಜಿ ಅವಳ ಗಲ್ಲ ಮುಟ್ಟಿ, "ನೀನು ನಮ್ಮೋಳೇ ಕಣವ್ವಾ" ಎಂದರು.

ನಾನು ಈಗಲೂ ಆ ಬೆಂಚಿನಲ್ಲಿ ಕೂತಾಗ ಪ್ಲಾಸ್ಟಿಕ್ ಕವರು ಹಿಡಿದು ಬರುವ ಹೆಂಗಸರ ಮುಖ ನೋಡುತ್ತೇನೆ. ಅವಳ ಮುಖ ಮರೆತುಹೋಗಿದೆ, ದನಿ ಮರೆತಿಲ್ಲ. ಆ ಹುಡುಗ ಈಗ ಹೈಸ್ಕೂಲಿಗೆ ಹೋಗುತ್ತಿರಬೇಕು. ಹೋಗುತ್ತಿದ್ದಾನೆ ಎಂದೇ ಪ್ರಾರ್ಥನೆಯಲ್ಲಿ ಹೇಳುತ್ತೇನೆ, ಹೆಸರಿಲ್ಲದೆ.